ಪದ ಕಟ್ಟಿದವರ ಕಾಲಂ

ಚಿಕ್ಕೋಡಿ ಕೋರ್ಟಿನ ಎದುರಿನ ಸಾಲಿನಲ್ಲಿದ್ದ ಒಬ್ಬ ವಕೀಲರ ಕಚೇರಿಯಲ್ಲಿ ನಾನು ಹದಿನಾಲ್ಕು ವರ್ಷ ಟೈಪಿಸ್ಟ್ ಆಗಿದ್ದೆ. ನನ್ನ ಕಾಗದದಲ್ಲಿ ಒಂದಕ್ಷರ ತಪ್ಪು ತೋರಿಸಿದವರಿಗೆ ಚಹಾ ಕುಡಿಸುತ್ತೇನೆ ಎಂದು ಪಂಥ ಕಟ್ಟುವಷ್ಟು ಸೊಕ್ಕು ಆಗ ನನಗಿತ್ತು. ಅಷ್ಟು ವರ್ಷಗಳಲ್ಲಿ ಚಹಾ ಕುಡಿಸಿದ್ದು ಮೂರೋ ನಾಲ್ಕೋ ಸಲ. ಒಬ್ಬ ಮನುಷ್ಯನ ಬಾಯಿ ಮುಚ್ಚಿಸಿದ ಕಾಗದವನ್ನೂ ನಾನೇ ಟೈಪ್ ಮಾಡಿದೆ. ಅದರಲ್ಲೂ ಟೈಪಿನ ತಪ್ಪು ಒಂದೂ ಇರಲಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದದ್ದೆಲ್ಲ ಹೊಲಮನೆಯ ವ್ಯಾಜ್ಯ. ಬದುವಿನ ಜಗಳ, ಬಾವಿಯ ಪಾಲು, ಅಣ್ಣತಮ್ಮಂದಿರ ಹಿಸ್ಸೆ. ಯಾವ ದಾವೆಯೇ ಇರಲಿ, ವಕೀಲರು ಮೊದಲು ಕೇಳುತ್ತಿದ್ದದ್ದು ಒಂದೇ: ಮೂಲಪುರುಷ ಯಾರು? ಆಸ್ತಿ ಮೊದಲು ಯಾರ ಹೆಸರಿನಲ್ಲಿತ್ತು, ಅವನು ಯಾವಾಗ ಸತ್ತ, ವಾರಸುದಾರರು ಯಾರು? ಅದನ್ನು ಕೇಳಿ ಕೇಳಿ ನನಗೂ ಅದೇ ಚಾಳಿ ಅಂಟಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೂ ಮೂಲಪುರುಷ ಯಾರೆಂದು ಕೇಳಿಬಿಡುತ್ತಾಳೆ ಎಂದು ಅವ್ವ ಹಂಗಿಸುತ್ತಿದ್ದಳು. ನಾವು ಜೈನರು, ಏಳು ತಲೆಮಾರಿನ ಹೆಸರು ಹೇಳಲು ನಮಗೇನೂ ಕಷ್ಟವಿರಲಿಲ್ಲ.

ಎಂಬತ್ತರ ದಶಕದ ನಡುವಿಗೆ ನಮ್ಮ ಕಡೆ ಕ್ಯಾಸೆಟ್ಟಿನ ಸುಗ್ಗಿ ಶುರುವಾಯಿತು. ಬಸ್ ಸ್ಟ್ಯಾಂಡಿನ ಪಾನಪಟ್ಟಿ ಅಂಗಡಿಯಿಂದ ಹಿಡಿದು ಕಬ್ಬಿನ ಟ್ರ್ಯಾಕ್ಟರಿನವರೆಗೆ ಎಲ್ಲೆಲ್ಲೂ ಟೇಪ್ ಒದರುತ್ತಿತ್ತು. ನಿಪ್ಪಾಣಿಯಲ್ಲಿ ತಂಬಾಕಿನ ದಲಾಲಿ ಬಿಟ್ಟು ಕ್ಯಾಸೆಟ್ ಕಂಪನಿ ತೆರೆದ ಒಬ್ಬರು ನಮ್ಮ ವಕೀಲರ ಕಕ್ಷಿದಾರರಾದರು. ಕನ್ನಡದಲ್ಲಿ ನಗುತ್ತ ಮರಾಠಿಯಲ್ಲಿ ಚೌಕಾಸಿ ಮಾಡುವ ಮನುಷ್ಯ. ಕೆಟ್ಟವರೇನಲ್ಲ. ಒಂದು ದಿನ ಅವರು ಒಬ್ಬ ಕುರುಬರ ಹಿರಿಯನನ್ನು ಕರೆದುಕೊಂಡು ಬಂದರು. ಬೇಡಕಿಹಾಳದ ಆಚೆಯ ಸಣ್ಣ ಊರಿನವನು. ಕುರಿ ಕಾಯುತ್ತಿದ್ದ, ಡೊಳ್ಳಿನ ಪದ ಕಟ್ಟುತ್ತಿದ್ದ, ತನ್ನ ಮೇಳದ ಮುಂದೆ ನಿಂತು ತಾನೇ ಹಾಡುತ್ತಿದ್ದ. ಅವನ ಮೊದಲ ಕ್ಯಾಸೆಟ್ ಕೃಷ್ಣೆಯ ಈಚೆ ದಂಡೆ ಆಚೆ ದಂಡೆಯಲ್ಲೆಲ್ಲ ಖರ್ಚಾಗಿತ್ತು. ನಾನು ಅವನನ್ನು ಅಜ್ಜನಿಗೆ ಅನ್ನುವಂತೆ ಮುತ್ಯಾ ಎಂದು ಕರೆದೆ. ಅವನು ನನ್ನನ್ನು ಮರ್ಯಾದೆಯಿಂದ ಬಾಯಾರ ಎಂದ.

ಅವನು ಹಾಡುತ್ತಿದ್ದ ಇಪ್ಪತ್ತೆರಡು ಪದಗಳನ್ನು ಕಂಪನಿಗಾಗಿ ನೋಂದಣಿ ಮಾಡಿಸಬೇಕಿತ್ತು. ವಕೀಲರು ಅಂದೇ ನನಗೆ ಈ ಹೊಸ ಕಾಯ್ದೆಯ ಪಾಠ ಹೇಳಿದರು. ಹೊಲಕ್ಕೆ ಒಡೆತನ ತೋರಿಸುವ ಉತಾರ ಇರುವ ಹಾಗೆ ಹಾಡಿಗೂ ಒಂದು ಉತಾರ ಉಂಟು. ಅದು ತಹಶೀಲ್ದಾರರ ಕಚೇರಿಯಲ್ಲಿ ಸಿಗುವುದಿಲ್ಲ, ದಿಲ್ಲಿಯಲ್ಲಿ ಸಿಗುತ್ತದೆ. ಇಂಗ್ಲಿಷ್ ಫಾರ್ಮು ಮೂರು ಪ್ರತಿ, ಫೀ, ಜೊತೆಗೆ ಹಾಡಿನ ಮಾತು ಬರೆದ ಹಾಳೆ. ಹಕ್ಕು ಇರಬಹುದಾದ ಎಲ್ಲರಿಗೂ ರಜಿಸ್ಟರ್ ಪೋಸ್ಟಿನಲ್ಲಿ ನೋಟೀಸು. ತಕರಾರು ಬರದಿದ್ದರೆ ಕೆಲವು ತಿಂಗಳ ಮೇಲೆ ಅಲ್ಲಿಯ ದೊಡ್ಡ ಪುಸ್ತಕದಲ್ಲಿ ನಮೂದು, ಆ ನಮೂದಿನ ನಕಲು ಮೊಹರು ಬಿದ್ದು ಟಪಾಲಿನಲ್ಲಿ ನಮ್ಮಲ್ಲಿಗೆ. ಆ ನಕಲನ್ನು ಮುಂಬಯಿಯ ಒಂದು ಸಂಘಕ್ಕೆ ಕಳಿಸಿದರೆ ಅಲ್ಲಿ ಇನ್ನೊಂದು ಪಟ್ಟಿ: ಹಾಡಿನ ಹೆಸರು, ಮಾತು ಕಟ್ಟಿದವರು, ಧಾಟಿ ಕಟ್ಟಿದವರು, ಯಾರಿಗೆ ಎಷ್ಟು ಪಾಲು. ಹಾಡನ್ನು ಬಳಸಿದವರು ಕೊಟ್ಟದ್ದನ್ನು ಆ ಪಟ್ಟಿಯ ಪ್ರಕಾರ ಹಂಚುತ್ತಾರೆ. ಅದಕ್ಕೇ ರಾಯಲ್ಟಿ ಎನ್ನುವುದು. ಉತಾರದಲ್ಲಿ ಹೆಸರಿಲ್ಲದವನಿಗೆ ಹೊಲದಲ್ಲಿ ಏನು ಕೆಲಸ ಎಂದು ವಕೀಲರು ಪಾಠ ಮುಗಿಸಿದರು.

ಮಾತು ಬರೆದುಕೊಳ್ಳುವ ಕೆಲಸ ನನ್ನದು. ಮುತ್ಯಾನಿಗೆ ಪದವನ್ನು ಹಾಡದೆ ಹೇಳಲು ಬರುತ್ತಿರಲಿಲ್ಲ. ಹೇಳು ಎಂದರೆ ಎರಡನೆಯ ಸಾಲಿಗೇ ತಡವರಿಸುತ್ತಿದ್ದ. ಕಿವಿಗೆ ಕೈ ಹಚ್ಚಿ ಹಾಡಿದನೆಂದರೆ ನೀರು ಹರಿದಂತೆ ಬರುತ್ತಿತ್ತು. ಸಾಕ್ಷಿ ಹೇಳಲು ಬಂದವರು, ಕೋರ್ಟಿನ ಬೇಲಿಫರು, ಚಹಾದವನು ಎಲ್ಲ ಕಿಟಕಿಗೆ ಮುಕುರುತ್ತಿದ್ದರು. ವಕೀಲರು ಒಳಗಿನಿಂದ ಇದು ಕಚೇರಿಯೋ ಗುಡಿಯೋ ಎಂದು ಗದರಿಸುತ್ತಿದ್ದರು. ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತಿರಲಿಲ್ಲ. ಆಗಿನ ಕಾಯ್ದೆಯ ಪ್ರಕಾರ ಧಾಟಿಯನ್ನೂ ಕಾಗದದ ಮೇಲೆ ಸ್ವರ ಹಾಕಿ ತೋರಿಸಬೇಕಿತ್ತು, ಬಾಯಲ್ಲಿ ಇದ್ದದ್ದು ಸಂಗೀತವೇ ಅಲ್ಲ. ಊರಿನ ಹಾರ್ಮೋನಿಯಂ ಮಾಸ್ತರರನ್ನು ಕರೆಸಿದೆವು. ಈ ಮನುಷ್ಯನ ಸ್ವರ ನನ್ನ ಪೆಟ್ಟಿಗೆಯ ಎರಡು ಮನೆಗಳ ಸಂದಿಯಲ್ಲಿ ಹೋಗಿ ಕೂತುಕೊಳ್ಳುತ್ತದೆ ಎಂದು ಗೊಣಗುತ್ತಲೇ ಅವರು ಎಂಟು ದಿನ ಬರೆದರು.

ಪದಗಳ ಸಾಲನ್ನು ಇಲ್ಲಿ ಬರೆಯಲು ನನಗೆ ಹಕ್ಕಿಲ್ಲ, ಯಾವುದರ ಮೇಲಿದ್ದವು ಎಂದಷ್ಟೇ ಹೇಳಬಲ್ಲೆ. ಒಂದು ಪದ ತಾಯಿ ಸತ್ತ ಕುರಿಮರಿಯನ್ನು ಆಡಿನ ಹಾಲಿಗೆ ಬಿಟ್ಟು ಬದುಕಿಸಿದ್ದರ ಮೇಲೆ, ಒಂದು ತಂಬಾಕಿನ ವಖಾರಿಗೆ ಹೋಗುವ ಹೆಂಗಸರ ಕೆಮ್ಮಿನ ಮೇಲೆ, ಒಂದು ಹೊಸದಾಗಿ ಬಂದ ಟೀವಿಯ ಮುಂದೆ ಕೂತು ರೊಟ್ಟಿ ಸುಟ್ಟ ಸೊಸೆಯ ಮೇಲೆ. ಟೀವಿಯ ಪದ ಬರೆಯುವಾಗ ನಗು ತಡೆಯಲಾಗದೆ ಎರಡು ಹಾಳೆ ಕೆಡಿಸಿದೆ.

ಎಲ್ಲ ಆದ ಮೇಲೆ ಫಾರ್ಮು ಮಷಿನ್ನಿಗೆ ಏರಿಸಿದೆ. ಒಂದು ಕಾಲಂ ಕೃತಿಕಾರನ ಹೆಸರು, ವಿಳಾಸ. ಮೃತನಾಗಿದ್ದರೆ ಮರಣದ ದಿನ. ನಾನು ಮುತ್ಯಾನನ್ನು ಕೇಳಿದೆ. ಆ ಪ್ರಶ್ನೆಯನ್ನು ಇವತ್ತಿಗೂ ನನ್ನ ದನಿಯಲ್ಲೇ ಕೇಳಿಸಿಕೊಳ್ಳುತ್ತೇನೆ. "ಮುತ್ಯಾ, ಈ ಪದಗೋಳ ಮೂಲಪುರುಷ ಯಾರ್ರಿ?"

ಅವನು ತಡಮಾಡಲಿಲ್ಲ. ಎರಡೂ ಕೈ ಹಣೆಗೆ ಮುಟ್ಟಿಸಿ ತನ್ನ ಗುರುವಿನ ಹೆಸರು ಹೇಳಿದ.

ಆ ಮೇಳಗಳ ಪದ್ಧತಿಯೇ ಹಾಗೆ. ಪದದ ಕಡೆಯ ನುಡಿಯಲ್ಲಿ ಊರಿನ ಹೆಸರು ಬರಬೇಕು, ದೇವರ ಹೆಸರು ಬರಬೇಕು, ಕಲಿಸಿದ ಗುರುವಿನ ಹೆಸರು ಬರಬೇಕು. ಕಟ್ಟಿದವನ ಹೆಸರು ಬರಕೂಡದು. ಮುತ್ಯಾ ಹರೆಯದಲ್ಲಿ ಒಮ್ಮೆ ಹುಮ್ಮಸ್ಸಿನಿಂದ ತನ್ನ ಹೆಸರು ಸೇರಿಸಿದ್ದನಂತೆ. ಗುರು ಮೂರು ದಿನ ಇವನ ಜೊತೆ ಮಾತಾಡಲಿಲ್ಲ, ಇವನ ಮನೆಯ ನೀರು ಕುಡಿಯಲಿಲ್ಲ. ಆಮೇಲೆ ಡೊಳ್ಳಿನ ಮುಂದೆ ಉದ್ದಂಡ ಬಿದ್ದು ಆ ನುಡಿ ಅಳಿಸಿಕೊಂಡನಂತೆ. ಇದನ್ನು ಹೇಳುವಾಗಲೂ ಅವನು ಕೆನ್ನೆ ಬಡಿದುಕೊಂಡ.

ನಾನು ಅಷ್ಟು ದಡ್ಡಿಯೇನಲ್ಲ. ಗುರು ಸತ್ತದ್ದು ಎಪ್ಪತ್ತೆರಡರ ದೊಡ್ಡ ಬರಗಾಲದ ವರ್ಷ ಎಂದು ಅವನೇ ಹೇಳಿದ್ದ. ಬರಗಾಲದಲ್ಲಿ ನಮ್ಮ ಕಡೆ ಟೀವಿ ಎಲ್ಲಿತ್ತು? ಕೇಳಿಯೂ ಕೇಳಿದೆ. ಅವನು ನಕ್ಕು, "ಗುರು ಸತ್ತ ಮ್ಯಾಲೂ ಕಟ್ಟಸ್ತಾನ್ರಿ ಬಾಯಾರ," ಎಂದ. ಆ ಮಾತು ನನಗೆ ಬಹಳ ಚೆನ್ನಾಗಿ ಕಂಡಿತು. ಅದರ ಗುಂಗಿನಲ್ಲೇ ಕೃತಿಕಾರನ ಕಾಲಮಿನಲ್ಲಿ ಗುರುವಿನ ಹೆಸರು ಟೈಪ್ ಮಾಡಿದೆ. ಮೃತ. ದಿನಾಂಕ. ವಾರಸುದಾರ ಯಾರು ಎಂದು ಹೊಲದ ಕಾಗದದ ಕ್ರಮದಲ್ಲೇ ಮುಂದಿನದನ್ನೂ ಕೇಳಿದೆ. ರಾಯಬಾಗದಲ್ಲಿ ಗುರುವಿನ ಮೊಮ್ಮಗನೊಬ್ಬ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ಅವನ ಹೆಸರನ್ನು ಮುತ್ಯಾನೇ ಸಂತೋಷದಿಂದ ಕೊಟ್ಟ. ಏನಿಲ್ಲ, ಒಂದು ಕಾಗದ ಅಷ್ಟೇ ಎಂದು ನಾನು ಹೇಳಿದೆ, ಮುತ್ಯಾನ ಸಹಿ ಬಿದ್ದದ್ದು ಕೆಳಗೆ, ಮಾಹಿತಿ ಕೊಟ್ಟವನು ಎಂಬಲ್ಲಿ. ವಕೀಲರು ಕಣ್ಣಾಡಿಸಿ ಸರಿ ಎಂದರು. ಅವರಿಗೂ ಅದೇ ಚಾಳಿ.

ಕಂಪನಿಯ ಮಾಲಕರು ಮೊಮ್ಮಗನಿಂದ ಹಕ್ಕು ಬರೆಸಿಕೊಂಡರು. ಅವನಿಗೆ ಆ ಇಪ್ಪತ್ತೆರಡರಲ್ಲಿ ಒಂದು ಪದವೂ ಬರುತ್ತಿರಲಿಲ್ಲ. ದಿಲ್ಲಿಯಿಂದ ನಕಲು ಬಂತೆಂದು ಗೊತ್ತಾಗಿ ಮುತ್ಯಾ ನೋಡಲು ಬಂದ. ಇಂಗ್ಲಿಷಿನಲ್ಲಿ ಗುರುವಿನ ಹೆಸರು ಎಲ್ಲಿದೆ ಎಂದು ಕೇಳಿ, ಬೆರಳಿಟ್ಟು ನೋಡಿ, ಕಾಗದ ಕಣ್ಣಿಗೆ ಒತ್ತಿಕೊಂಡ. ಮುಂದೆ ರಾಯಲ್ಟಿಯ ಮೊದಲ ಕಂತು ರಾಯಬಾಗಕ್ಕೆ ಹೋದಾಗಲೂ ಬಂದು ಹೇಳಿದ: ಗುರುಮನೆಯ ಹಂಚು ಬದಲಿಸಿದರಂತೆ. ಅವನಷ್ಟು ಸುಖಿಯಾದ ಕಕ್ಷಿದಾರನನ್ನು ನಾನು ಆ ಕಚೇರಿಯಲ್ಲಿ ಮತ್ತೆ ನೋಡಲಿಲ್ಲ. ಖರೆ ಹೇಳಬೇಕೆಂದರೆ ಅವನು ಕಕ್ಷಿದಾರನೂ ಆಗಿರಲಿಲ್ಲ.

ಕೆಲವು ವರ್ಷ ಕಳೆದವು. ಕಂಪನಿಗೆ ಮುತ್ಯಾನ ದನಿ ಹಳೆಯದೆನಿಸಿತು. ಹೊಳೆಯ ಆಚೆ ಕಡೆಯಿಂದ ಒಬ್ಬ ಹುಡುಗ ಗಾಯಕನನ್ನು ಕರೆಸಿ, ಡೊಳ್ಳಿನ ಬದಲು ಕೀಬೋರ್ಡ್ ಹಾಕಿ ಅವೇ ಪದಗಳನ್ನು ಹೊಸದಾಗಿ ತೆಗೆದರು. ಮುತ್ಯಾನಿಗೆ ಅದರಿಂದ ನೋವಾದಂತೆ ಕಾಣಲಿಲ್ಲ. ಪದ ನಾಲ್ಕು ಊರು ತಿರುಗಲಿ ಬಿಡಿ ಎಂದ. ತಾನು ತನ್ನ ಮೇಳದೊಂದಿಗೆ ಕರೆದಲ್ಲಿ ಹೋಗಿ ಹಾಡುತ್ತಲೇ ಇದ್ದ.

ಐನಾಪುರದಲ್ಲಿ ಒಂದು ಸಲ ಮೇಳಗಳ ಪೈಪೋಟಿ ನಡೆಯಿತು. ಅಥಣಿಯ ಒಬ್ಬ ಅಂಗಡಿಕಾರ ಅಲ್ಲಿ ಮುತ್ಯಾ ಹಾಡಿದ್ದನ್ನು ಟೇಪ್ ಮಾಡಿ ಕ್ಯಾಸೆಟ್ ಮಾರಿದ. ಕೀಬೋರ್ಡಿನದು ಬಿಟ್ಟು ಜನ ಅದನ್ನೇ ಕೊಂಡರು. ನಿಪ್ಪಾಣಿಯ ಮಾಲಕರು ಬಂದು ವಕೀಲರ ಮುಂದೆ ಕೂತರು. ಇಬ್ಬರಿಗೆ ನೋಟೀಸು: ಒಂದು ಅಂಗಡಿಕಾರನಿಗೆ, ಒಂದು ಮುತ್ಯಾನಿಗೆ. ನಮ್ಮ ಕಕ್ಷಿದಾರರ ಒಡೆತನದ, ದಿವಂಗತ ಇಂಥವರು ರಚಿಸಿದ ಇಪ್ಪತ್ತೆರಡು ಕೃತಿಗಳನ್ನು ನೀವು ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಹಾಡಿ ಹಕ್ಕು ಭಂಗ ಮಾಡಿದ್ದೀರಿ. ನೋಟೀಸು ಟೈಪ್ ಮಾಡಿದ್ದು ನಾನು. ಅಂದೇ ಟಪಾಲಿಗೂ ಹಾಕಿದೆ, ಸಂಬಳದ ಕೈ ಅದು.

ಮುತ್ಯಾ ನೋಟೀಸನ್ನು ತಲೆಯ ಪಟಕಾದ ಮಡಿಕೆಯಲ್ಲಿಟ್ಟುಕೊಂಡು ಬಂದ. ಯಾರೋ ಓದಿ ಹೇಳಿದ್ದರು, ಅವನು ನಂಬಿರಲಿಲ್ಲ. ವಕೀಲರು ನಿಧಾನಕ್ಕೇ ತಿಳಿಸಿದರು. ಬರಹದಲ್ಲಿ ಇದ್ದದ್ದೇ ಖರೆ, ಕೋರ್ಟಿಗೆ ಹೋದರೆ ಅವನ ಕುರಿ ಅಷ್ಟೂ ಮಾರಿದರೂ ಸಾಲದು. ಇನ್ನು ಮುಂದೆ ಹಾಡುವುದಿಲ್ಲ ಎಂದು ಬರೆದುಕೊಟ್ಟರೆ ಮಾಲಕರು ಇಲ್ಲಿಗೇ ಬಿಡುತ್ತಾರೆ. ಮುತ್ಯಾ ವಿಚಾರ ಮಾಡಿ ಬರುತ್ತೇನೆ ಎಂದು ಎದ್ದ.

ನಾನು ಅವನ ಹಿಂದೆಯೇ ಹೋದೆ. ಕಕ್ಷಿದಾರರ ವಿರೋಧಿಯ ಹತ್ತಿರ ಟೈಪಿಸ್ಟ್ ಮಾತಾಡುವುದು ತಪ್ಪು, ಗೊತ್ತಿತ್ತು. ಕೋರ್ಟಿನ ಗೋಡೆಯ ಆಚೆ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂಡಿಸಿ ಹೇಳಿದೆ. ದಿಲ್ಲಿಯ ಪುಸ್ತಕದಲ್ಲಿ ತಪ್ಪು ಬಿದ್ದಿದ್ದರೆ ತಿದ್ದಿಸಲು ದಾರಿ ಇದೆ. ಬೇರೆ ವಕೀಲರನ್ನು ಹಿಡಿ. ಟೀವಿಯ ಪದ ಒಂದೇ ಸಾಕು, ಗುರು ಸತ್ತಾಗ ಟೀವಿ ಇರಲಿಲ್ಲ. ಹಾಗಾದರೆ ಕಟ್ಟಿದವನು ನೀನೇ ಎಂದು ಯಾರಿಗಾದರೂ ತಿಳಿಯುತ್ತದೆ. ನಾನೇ ಬಂದು ಸಾಕ್ಷಿ ಹೇಳುತ್ತೇನೆ, ನೌಕರಿ ಹೋದರೆ ಹೋಗಲಿ. ಈ ಕಡೆಯ ಮಾತನ್ನು ಹೇಳುವಾಗ ನನಗೆ ನನ್ನ ಮೇಲೆ ಅಭಿಮಾನ ಉಕ್ಕಿತ್ತು.

ಅವನು ಎಲ್ಲ ಕೇಳಿ, "ಏನಂತ ಬರ್ಕೊಡಬೇಕಾಕ್ಕೈತ್ರಿ?" ಎಂದ.

ಪ್ರಮಾಣಪತ್ರದ ಮಾತನ್ನು ಹೇಳಿದೆ: ಈ ಪದಗಳನ್ನು ನನ್ನ ಗುರು ಕಟ್ಟಿಲ್ಲ, ಅವು ಗುರುವಿನವಲ್ಲ, ನನ್ನವು, ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ.

ಮುತ್ಯಾ ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟ. ಆಮೇಲೆ ಅಂದ, "ಗುರೂಂದಲ್ಲ ಅನ್ನೂ ಮಾತ ಈ ಬಾಯಾಗ ಬಂದ್ರ, ಮುಂದ ಯಾವ ಬಾಯಿಲೆ ಹಾಡ್ಲಿರಿ ಬಾಯಾರ? ಹಾಡ್ಲಿಕ್ಕೇ ಅಲ್ಲೇನ್ರಿ ಇದೆಲ್ಲಾ?"

ನನಗೆ ಅವನ ಮೇಲೆ ಸಿಟ್ಟು ಬಂತು. ಹೆಡ್ಡತನಕ್ಕೂ ಒಂದು ಮಿತಿ ಬೇಡವೇ? ಸತ್ತವನಿಗೆ ಏನು ನಷ್ಟ, ಒಂದು ಕಾಗದ ಅಷ್ಟೇ ಎಂದೆ. ಅಂದೂ ನೀವು ಒಂದು ಕಾಗದ ಅಷ್ಟೇ ಎಂದಿರಿ, ಎಂದ. ಅದರಲ್ಲಿ ಕೊಂಕೇನೂ ಇರಲಿಲ್ಲ. ನಾನು ಎದ್ದು ಬಂದೆ. ಆ ದಿನ ತಂದ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದೆ, ಅವ್ವ ಕೇಳಿದರೆ ಹೊಟ್ಟೆನೋವು ಎಂದೆ.

ವಾರದ ಮೇಲೆ ಅವನು ಬಂದು ಬರೆದುಕೊಡಲು ಒಪ್ಪಿದ. ಮುಚ್ಚಳಿಕೆಯ ಕೆಳಗೆ ಇಪ್ಪತ್ತೆರಡು ಪದಗಳ ಮೊದಲ ಸಾಲುಗಳ ಯಾದಿ ಇತ್ತು. ಓದಿ ಹೇಳಿ ಎಂದ. ನಾನು ಒಂದೊಂದೇ ಸಾಲು ಓದಿದೆ, ಅವನು ಒಂದೊಂದಕ್ಕೂ ತಲೆ ಆಡಿಸಿದ. ಹದಿಮೂರನೆಯದಕ್ಕೆ ತಡೆದ. ಅಲ್ಲಿ ಮರಿ ಅಲ್ಲ, ಗಬ್ಬದ ಕುರಿ ಎಂದಾಗಬೇಕು, ನೀವು ಅಂದೇ ತಪ್ಪು ಬರೆದುಕೊಂಡಿದ್ದೀರಿ ಎಂದ. ವಕೀಲರು ನನ್ನ ಮುಖ ನೋಡಿದರು. ಈ ಪದ ತನ್ನದಲ್ಲ ಎಂದು ಸಹಿ ಹಾಕಲು ಕೂತವನು ಪದ ತಿದ್ದುತ್ತಿದ್ದ. ನಾನು ಪೆನ್ನಿನಿಂದ ತಿದ್ದಿ ಮಗ್ಗುಲಲ್ಲಿ ಚಿಕ್ಕ ಸಹಿ ಹಾಕಿದೆ.

ಎಷ್ಟು ದಿವಸ ಹಾಡಬಾರದು ಎಂದು ಕೇಳಿದ. ಕೃತಿಕಾರ ಸತ್ತು ಅರವತ್ತು ವರ್ಷ ಆಗುವವರೆಗೆ ಎಂದರು ವಕೀಲರು. ಐವತ್ತಿದ್ದದ್ದನ್ನು ಈಗ ತಾನೇ ಅರವತ್ತು ಮಾಡಿದ್ದರು. ಮುತ್ಯಾ ಬರಗಾಲದ ವರ್ಷದಿಂದ ಬೆರಳ ಗೆಣ್ಣು ಎಣಿಸಿದ. ಇನ್ನೂ ನಲವತ್ತು ವರ್ಷ ಬಾಕಿ ಇತ್ತು. ಅವನಿಗೆ ಆಗಲೇ ಅರವತ್ತು ದಾಟಿತ್ತು.

"ಹಂಗಾರ ಮೊಮ್ಮಕ್ಕಳು ಹಾಡ್ತಾರ ಬಿಡ್ರಿ," ಎಂದ. ಆಮೇಲೆ ಸ್ವಲ್ಪ ಅಳುಕಿ ಕುರಿ ಮುಂದೆ ಹಾಡಬಹುದೇ ಎಂದು ಕೇಳಿದ.

ವಕೀಲರು ಆ ಪ್ರಶ್ನೆಗೆ ನಗಲಿಲ್ಲ. ನಾಲ್ಕು ಮಂದಿ ಕೂಡಿದಲ್ಲಿ ಹಾಡಬೇಡ, ಉಳಿದದ್ದು ನಡೆಯುತ್ತದೆ ಎಂದರು. ಮುತ್ಯಾ ಸಹಿ ಮಾಡಿದ. ಅವನು ತನ್ನ ಹೆಸರನ್ನು ಬಿಡಿಬಿಡಿಯಾಗಿ, ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು ಬರೆಯುತ್ತಿದ್ದ. ಆ ಇಪ್ಪತ್ತೆರಡು ಪದಗಳ ಜೊತೆ ಅವನ ಹೆಸರು ಎಲ್ಲಾದರೂ ಸ್ವಂತ ಕೈಬರಹದಲ್ಲಿ ಇದ್ದರೆ ಅದು ಆ ಎರಡೇ ಕಡೆ: ಮಾಹಿತಿ ಕೊಟ್ಟವನೆಂದು ಒಮ್ಮೆ, ಹಾಡುವುದಿಲ್ಲ ಎಂದವನೆಂದು ಒಮ್ಮೆ.

ಅವನು ಮಾತಿಗೆ ತಪ್ಪಲಿಲ್ಲ. ನಾಲ್ಕು ಮಂದಿ ಎಂದರೆ ಅಕ್ಷರಶಃ ನಾಲ್ಕು ಮಂದಿ ಎಂದೇ ಹಿಡಿದ. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಸೇರಿ ಆರು ಜನವಾಗುತ್ತಾರೆ ಎಂದು ಮನೆಯಲ್ಲೂ ಹಾಡಲಿಲ್ಲವಂತೆ. ಹೊಸ ಪದ ಕಟ್ಟಬಹುದಲ್ಲ, ಅದಕ್ಕೇನೂ ಅಡ್ಡಿಯಿಲ್ಲ ಎಂದು ನಾನು ಒಬ್ಬರ ಕೈಯಲ್ಲಿ ಹೇಳಿ ಕಳಿಸಿದೆ. ಕಡೆಯ ನುಡಿಯಲ್ಲಿ ಮತ್ತೆ ಗುರುವಿನ ಹೆಸರೇ ಬರುತ್ತದೆ, ಮತ್ತೆ ನೋಟೀಸು ಬರುತ್ತದೆ ಎಂದು ಅಂಜಿದ್ದಾನೆ ಎಂದು ಉತ್ತರ ಬಂತು. ಮೇಳದವರು ಬೇರೆ ಊರಿನ ಪದ ಕಲಿಯಲು ನೋಡಿದರು, ಹೊಂದಲಿಲ್ಲ, ಒಬ್ಬೊಬ್ಬರೇ ಬಿಟ್ಟರು.

ಮೂರು ವರ್ಷದ ಮೇಲೆ ಒಂದು ಮುಂಜಾನೆ, ವಕೀಲರು ಕೋರ್ಟಿಗೆ ಹೋದ ಹೊತ್ತಿನಲ್ಲಿ, ಅವನ ಮಗ ಬಂದ. ಅಪ್ಪ ಹೋದ ಎಂದ. ಯಾವಾಗ ಎಂದು ಕೇಳಿದೆ, ನಸುಕಿನಲ್ಲಿ ಎಂದ. ಹೆಣವನ್ನು ಮನೆಯಲ್ಲಿ ಬಿಟ್ಟು ಇವನು ಮೊದಲು ಬಂದದ್ದು ನನ್ನ ಹತ್ತಿರ. ಅವರಲ್ಲಿ ಪದ ಕಟ್ಟುವವನು ಸತ್ತರೆ ಅವನ ಪದ ಹಾಡಿಯೇ ಮಣ್ಣಿಗೆ ಒಯ್ಯಬೇಕು. ಮೇಳದವರು ಡೊಳ್ಳು ಇಳಿಸಿಕೊಂಡು ಬಂದು ಕೂತಿದ್ದರು. ಊರೆಲ್ಲ ಸೇರಿತ್ತು, ನಾಲ್ಕು ಮಂದಿಗಿಂತ ಹೆಚ್ಚೇ.

ಹಾಡ್ರಿ ಎಂದೆ. ಯಾರು ಬಂದು ಕೇಳುತ್ತಾರೆ, ನಾನು ನೋಡಿಕೊಳ್ಳುತ್ತೇನೆ, ಹಾಡ್ರಿ. ಅವನು ತಲೆ ಅಲ್ಲಾಡಿಸಿದ. "ಅಪ್ಪ ಸಹಿ ಮಾಡಿ ಕೊಟ್ಟಾನ್ರಿ. ಅಂವಾ ಮಲಗಿದಲ್ಲೇ ಅಂವನ ಮಾತ ಹೆಂಗ ಮುರಿಯೂದ್ರಿ?" ಆಮೇಲೆ ಕೇಳಿದ, "ಕಂಪನಿ ಕ್ಯಾಸೆಟ್ ಹಚ್ಚಿದ್ರ ನಡೀತೈತೇನ್ರಿ?"

ಕೊಂಡ ಕ್ಯಾಸೆಟ್ಟನ್ನು ಮನೆಯಲ್ಲಿ ಹಚ್ಚಿದರೆ ಯಾರೂ ಕೇಳುವುದಿಲ್ಲ. ನಡೆಯುತ್ತದೆ ಎಂದೆ.

ರಜೆ ಚೀಟಿ ಮೇಜಿನ ಮೇಲಿಟ್ಟು ನಾನೂ ಬಸ್ ಹತ್ತಿದೆ. ಅಂಗಳದಲ್ಲಿ ಮುತ್ಯಾನನ್ನು ಕಂಬಳಿಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದ್ದರು, ಮೈತುಂಬ ಅರಿಶಿನದ ಭಂಡಾರ. ಮಗ್ಗುಲಲ್ಲಿ ಸ್ಟೂಲಿನ ಮೇಲೆ ಟೇಪ್ ರಿಕಾರ್ಡರ್. ಮೇಳದ ಆರೂ ಜನ ಸಾಲಾಗಿ ಕೂತಿದ್ದರು, ಡೊಳ್ಳು ತೊಡೆಯ ಮೇಲೆ, ಅಂಗೈ ಚರ್ಮದ ಮೇಲೆ, ಬಾರಿಸುತ್ತಿರಲಿಲ್ಲ. ಕೀಬೋರ್ಡಿನ ಜೊತೆ ಆ ಹುಡುಗ ಗಾಯಕ ಹಾಡುತ್ತಿದ್ದ, ಯಾದಿಯ ಹದಿಮೂರನೆಯ ಪದದಲ್ಲಿ ಮರಿ ಎಂದೇ ಹಾಡಿದ. ಆರು ಜನರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಯಂತ್ರ ಟಕ್ ಎಂದು ನಿಂತಿತು. ಮಗ ಎದ್ದು ಹೋಗಿ ಅದನ್ನು ತಿರುವಿ ಹಾಕಿದ.